ಬೆಂಕಿ ಹೆಚ್ಚಿಸುವ ಮೊದಲು

ಹೊರಗಿನ ಶಾಖದಿಂದ ಓಡುವ ಸ್ಟರ್ಲಿಂಗ್ ಎಂಜಿನ್ನಿನ ಮಾದರಿ ಮಾಡಿ ನನಗೆ ತೋರಿಸಲು ತರುವವರ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಸರ್, ಎಲ್ಲ ಸರಿಯಾಗಿಯೇ ಇದೆ, ಬೆಂಕಿ ಸಾಲುತ್ತಿಲ್ಲ." ಸ್ಪಿರಿಟ್ ದೀಪ ಬಿಟ್ಟು ಗ್ಯಾಸ್ ಟಾರ್ಚ್‌ಗೆ ಬಂದಿರುತ್ತಾರೆ. ಬಿಸಿ ತುದಿ ಕೆಂಪಗೆ ಕಾದಿರುತ್ತದೆ. ಫ್ಲೈವೀಲನ್ನು, ಅಂದರೆ ಓಟ ಮುಂದುವರಿಸುವ ಭಾರದ ಚಕ್ರವನ್ನು, ಬೆರಳಿನಿಂದ ತಳ್ಳಿದರೆ ಎರಡು ಸುತ್ತು ಹಾಕಿ ನಿಂತುಬಿಡುತ್ತದೆ. ಬೆಂಕಿ ಆರಿಸಿ, ಎಂಜಿನ್ ಪೂರ್ತಿ ತಣ್ಣಗಾಗಲಿ, ಆಮೇಲೆ ನೋಡೋಣ ಎನ್ನುತ್ತೇನೆ. ಟೂಲ್‌ರೂಮಿನಲ್ಲಿ ಕೆಲಸ ಮಾಡಿದ ನನ್ನ ಅನುಭವದಲ್ಲಿ ಈ ಎಂಜಿನ್ನಿನ ದೋಷಗಳಲ್ಲಿ ಬಹುಪಾಲು ಬೆಂಕಿಯೇ ಇಲ್ಲದಾಗ ಬೆರಳಿಗೆ ಸಿಗುತ್ತವೆ.

ಎಂಜಿನ್ ಕೆಲಸ ಮಾಡುವ ಬಗೆ ಸರಳ. ಒಳಗಿರುವ ಗಾಳಿ ಹೊರಗೆ ಹೋಗುವುದಿಲ್ಲ, ಹೊಸದು ಒಳಗೆ ಬರುವುದಿಲ್ಲ. ಕೊಳವೆಯ ಒಂದು ತುದಿ ಬಿಸಿ, ಇನ್ನೊಂದು ತಂಪು. ಅದರೊಳಗೆ ಸಡಿಲವಾಗಿ ಓಡಾಡುವ ಡಿಸ್‌ಪ್ಲೇಸರ್ ಆ ಗಾಳಿಯನ್ನು ಒಮ್ಮೆ ಬಿಸಿ ಕಡೆಗೆ, ಒಮ್ಮೆ ತಂಪು ಕಡೆಗೆ ಸರಿಸುತ್ತದೆ. ಗಾಳಿ ಕಾದಾಗ ಒತ್ತಡ ಏರಿ ಪವರ್ ಪಿಸ್ಟನ್ನನ್ನು ಹೊರಕ್ಕೆ ದೂಡುತ್ತದೆ; ತಣಿದಾಗ ಒಳಗಿನ ಒತ್ತಡ ಇಳಿದು ಹೊರಗಿನ ವಾತಾವರಣವೇ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ. ಡಿಸ್‌ಪ್ಲೇಸರ್ ಪಿಸ್ಟನ್ನಿಗಿಂತ 90 ಡಿಗ್ರಿ, ಅಂದರೆ ಕಾಲು ಸುತ್ತು, ಮುಂದಿರಬೇಕು. ಹಿಂದೆ ಇಟ್ಟು ಜೋಡಿಸಿದ್ದರೂ ಗಾಬರಿಪಡಬೇಕಿಲ್ಲ, ಎಂಜಿನ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ ಅಷ್ಟೆ. ಆದ್ದರಿಂದ ಮೊದಲ ಸಲ ಚಾಲೂ ಮಾಡುವಾಗ ಫ್ಲೈವೀಲನ್ನು ಎರಡೂ ಕಡೆಗೆ ತಿರುಗಿಸಿ ನೋಡಬೇಕು.

ಇಂಥ ಮಾದರಿಯಿಂದ ಎಷ್ಟು ಶಕ್ತಿ ಸಿಗಬಹುದು ಎಂಬುದನ್ನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ. ಅಮೆರಿಕದ ಸ್ಟರ್ಲಿಂಗ್ ಎಂಜಿನ್ ತಜ್ಞ ವಿಲಿಯಂ ಬೀಲ್ ಅವರ ಹೆಸರಿನಲ್ಲಿ ಒಂದು ಸುಲಭ ಸೂತ್ರವಿದೆ. ಸರಾಸರಿ ಒತ್ತಡವನ್ನು ಬಾರ್‌ಗಳಲ್ಲಿ, ಪಿಸ್ಟನ್ ಸರಿಯುವ ಗಾತ್ರವನ್ನು ಘನ ಸೆಂಟಿಮೀಟರಿನಲ್ಲಿ, ಸೆಕೆಂಡಿಗೆ ಎಷ್ಟು ಸುತ್ತು ಎಂಬುದನ್ನು ಒಟ್ಟಿಗೆ ಗುಣಿಸಿ, ಬಂದದ್ದನ್ನು ಮತ್ತೆ 0.015ರಿಂದ ಗುಣಿಸಿದರೆ ವಾಟ್ ಸಿಗುತ್ತದೆ. 16 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 15 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎಂದರೆ ಸುಮಾರು 3 ಘನ ಸೆಂಟಿಮೀಟರ್. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ 10. ವಾತಾವರಣದ ಒತ್ತಡ ಸರಿಸುಮಾರು 1 ಬಾರ್. ಉತ್ತರ ಅರ್ಧ ವಾಟ್ ಕೂಡ ಆಗುವುದಿಲ್ಲ. ಅದೂ ಚೆನ್ನಾಗಿ ವಿನ್ಯಾಸಗೊಳಿಸಿದ, ಬಿಸಿ ತುದಿ ಬಹಳ ಕಾದ ಎಂಜಿನ್ನುಗಳಿಂದ ಬಂದ ಸೂತ್ರ. ಮೇಜಿನ ಮೇಲಿನ ನಮ್ಮ ಮಾದರಿಗೆ ಅದರಲ್ಲಿ ಒಂದು ಪಾಲು ದಕ್ಕಿದರೆ ಪುಣ್ಯ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದರ್ಜೆಯ ಜಲಾಂತರ್ಗಾಮಿಗಳಲ್ಲಿ ಇದೇ ತತ್ವದ ಎಂಜಿನ್ ಒಂದೊಂದೂ 75 ಕಿಲೋವಾಟ್ ಕೊಡುತ್ತದೆ. ಅಲ್ಲಿ ಒಳಗಿರುವುದು ಭಾರೀ ಒತ್ತಡದಲ್ಲಿ ತುಂಬಿದ ಹೀಲಿಯಂ. ನಮ್ಮಲ್ಲಿರುವುದು ಕೋಣೆಯ ಗಾಳಿ. ಬೆಂಗಳೂರಿನವರಿಗೆ ಅದೂ ಪೂರ್ತಿ ಸಿಗುವುದಿಲ್ಲ: ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ಅದೇ ಎಂಜಿನ್ ಮಂಗಳೂರಿನಲ್ಲಿ ಶೇಕಡ 10ರಷ್ಟು ಹೆಚ್ಚು ಕಸುವು ತೋರಬೇಕು.

ಅರ್ಧ ವಾಟ್‌ಗೂ ಕಡಿಮೆ ಆದಾಯದಲ್ಲಿ ಸಂಸಾರ ನಡೆಸಬೇಕು ಎಂದಾದಾಗ ಖರ್ಚಿನ ಕಡೆ ಗಮನ ಕೊಡದೆ ವಿಧಿಯಿಲ್ಲ. ಇಲ್ಲಿನ ಖರ್ಚುಗಳು ಮೂರು: ಘರ್ಷಣೆ, ಗಾಳಿಯ ಸೋರಿಕೆ, ಬಿಸಿ ತುದಿಯಿಂದ ತಂಪು ತುದಿಗೆ ಲೋಹದ ಮೂಲಕವೇ ಹರಿದುಹೋಗುವ ಶಾಖ.

ಮೊದಲ ಎರಡು ಸೇರುವ ಜಾಗ ಪಿಸ್ಟನ್. ಬಿಗಿಯಾದರೆ ಘರ್ಷಣೆ, ಸಡಿಲವಾದರೆ ಸೋರಿಕೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಎರಡರಷ್ಟಾದರೆ ಸೋರಿಕೆ ಎರಡರಷ್ಟಾಗುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಇಂಥ ಕಿರಿದಾದ ಸಂದಿನಲ್ಲಿ ಸೋರಿಕೆ ಸಂದಿನ ಘನದ ಪ್ರಮಾಣದಲ್ಲಿ ಏರುತ್ತದೆ. 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇದ್ದದ್ದು 20 ಆದರೆ ಗಾಳಿ ಎಂಟು ಪಟ್ಟು ನುಸುಳುತ್ತದೆ. ಆದ್ದರಿಂದಲೇ ಪಿಸ್ಟನ್ನನ್ನು ಎಮರಿ ಪೇಪರಿನಿಂದ "ಇನ್ನೊಂದು ಸಲ" ತಿಕ್ಕುವ ಆಸೆಯನ್ನು ತಡೆದುಕೊಳ್ಳಿ ಎನ್ನುತ್ತೇನೆ. ಲೇತಿನಲ್ಲಿ ಸಿಲಿಂಡರನ್ನು ಮೊದಲು ಮುಗಿಸಬೇಕು, ರೀಮರ್ ಹಾಕಿ ತೂತನ್ನು ಅಳತೆಗೆ ತಂದು, ಲ್ಯಾಪ್ ಮಾಡಿ, ಅಂದರೆ ಸೂಕ್ಷ್ಮ ಪೇಸ್ಟಿನಿಂದ ಉಜ್ಜಿ ನಯಗೊಳಿಸಿ, ಆಮೇಲೆ ಅದಕ್ಕೆ ಹೊಂದುವಂತೆ ಪಿಸ್ಟನ್ ತಯಾರಿಸಬೇಕು. ಹೊರಮೈಯನ್ನು ಅಳೆದು ತಿದ್ದುವುದು ಒಳಮೈಯನ್ನು ತಿದ್ದುವುದಕ್ಕಿಂತ ಎಷ್ಟೋ ಸುಲಭ. ಎರಡಕ್ಕೂ ಒಂದೇ ಲ್ಯಾಪಿಂಗ್ ಪೇಸ್ಟ್ ಹಚ್ಚಿ ಒಂದರೊಳಗೊಂದು ಉಜ್ಜುವ ಅಭ್ಯಾಸ ಕೆಲವರಿಗಿದೆ. ಅದು ಬೇಡ. ಸಿಲಿಂಡರಿನ ಬಾಯಿ ಗಂಟೆಯಾಕಾರಕ್ಕೆ ತಿರುಗುತ್ತದೆ, ಪೇಸ್ಟಿನ ಕಣಗಳು ಮೆತ್ತನೆಯ ಲೋಹದಲ್ಲಿ ಕೂತು ಮುಂದೆಯೂ ಸವೆಸುತ್ತಲೇ ಇರುತ್ತವೆ.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸಿಲಿಂಡರನ್ನು ನೆಟ್ಟಗೆ ಹಿಡಿದು, ಒಣಗಿದ ಶುಭ್ರ ಪಿಸ್ಟನ್ನನ್ನು ಮೇಲಿನಿಂದ ಬಿಡಿ. ಕೆಳಬಾಯಿ ತೆರೆದಿರುವಾಗ ಅದು ತನ್ನ ಭಾರಕ್ಕೇ ಜಾರಿ ಕೆಳಗೆ ಬೀಳಬೇಕು. ಕೆಳಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಅದೇ ಪಿಸ್ಟನ್ ನಿಂತಂತೆ ಕಾಣುತ್ತಾ ನಿಧಾನವಾಗಿ ಇಳಿಯಬೇಕು. ಎರಡೂ ಆಗಬೇಕು. ಮೊದಲನೆಯದು ಮಾತ್ರ ಆದರೆ ಪಿಸ್ಟನ್ ಸಡಿಲ. ಎರಡನೆಯದು ಮಾತ್ರ ಆದರೆ ಬಿಗಿ. ಇದರಲ್ಲಿ ತೇರ್ಗಡೆಯಾಗದ ಎಂಜಿನ್ನಿಗೆ ದೀಪ ಹಚ್ಚುವುದು ಸ್ಪಿರಿಟ್ ದಂಡ.

ಲೋಹದ ಆಯ್ಕೆಯಲ್ಲಿ ಇನ್ನೊಂದು ಬಲೆ ಇದೆ. ಕೊರೆಯಲು ಸುಲಭ ಎಂದು ಅಲ್ಯೂಮಿನಿಯಂ ಪಿಸ್ಟನ್, ಗಟ್ಟಿ ಎಂದು ಉಕ್ಕಿನ ಸಿಲಿಂಡರ್ ಮಾಡುತ್ತಾರೆ. ತಣ್ಣಗಿದ್ದಾಗ ಅದ್ಭುತವಾಗಿ ಓಡಾಡುತ್ತದೆ, ಐದು ನಿಮಿಷ ಕಾದ ಮೇಲೆ ಹಿಡಿದುಕೊಳ್ಳುತ್ತದೆ. ಲೆಕ್ಕ ಸ್ಪಷ್ಟವಾಗಿದೆ. ಎರಡೂ 60 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ 16 ಮಿಲಿಮೀಟರಿನ ಅಲ್ಯೂಮಿನಿಯಂ ಸುಮಾರು 22 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 11. ನೀವು ಕಷ್ಟಪಟ್ಟು ಉಳಿಸಿಕೊಂಡಿದ್ದ 10 ಮೈಕ್ರಾನ್ ಸಂದು ಅಲ್ಲಿಗೆ ಮಾಯ. ಎರಡನ್ನೂ ಬೀಡುಕಬ್ಬಿಣದಲ್ಲಿ ಮಾಡಿದರೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅದರಲ್ಲಿರುವ ಗ್ರಾಫೈಟೇ ಜಾರಿಕೆಯನ್ನೂ ಕೊಡುತ್ತದೆ. ನನ್ನ ಮೆಚ್ಚಿನ ಜೋಡಿ ಮಾತ್ರ ಶಾಖ ತಾಳುವ ಬೋರೋಸಿಲಿಕೇಟ್ ಗಾಜಿನ ಸಿಲಿಂಡರಿನೊಳಗೆ ಗ್ರಾಫೈಟ್ ಪಿಸ್ಟನ್. ಎರಡೂ ಬಹಳ ಕಡಿಮೆ ಹಿಗ್ಗುತ್ತವೆ, ಎಣ್ಣೆಯೇ ಬೇಕಿಲ್ಲ. ಗ್ರಾಫೈಟ್ ಪುಡಿ ಲೇತಿನ ಬೆಡ್ಡಿನ ಮೇಲೆ ಕೂರದಂತೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕೆಲಸ ಮಾಡಬೇಕು, ಮೂಗಿಗೆ ಮಾಸ್ಕ್ ಇರಬೇಕು.

ಎಣ್ಣೆಯ ವಿಷಯ ಬಂದಿತು. ಚೆನ್ನಾಗಿ ಎಣ್ಣೆ ಹಾಕಿದ್ದೇನೆ ಎಂದು ಹೆಮ್ಮೆಯಿಂದ ಹೇಳುವವರ ಎಂಜಿನ್ನುಗಳೇ ಹೆಚ್ಚಾಗಿ ನಿಲ್ಲುವುದು. ಇಷ್ಟು ಸಣ್ಣ ಶಕ್ತಿಗೆ ದಪ್ಪ ಎಣ್ಣೆ, ಗ್ರೀಸ್ ಎರಡೂ ಬ್ರೇಕು. ಅಂಗಡಿಯಿಂದ ತಂದ ಬಾಲ್ ಬೇರಿಂಗಿನಲ್ಲಿ ಗ್ರೀಸ್ ತುಂಬಿರುತ್ತದೆ. ಅದರ ಮುಚ್ಚಳ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟರೆ ಸಾಕು. ಕನೆಕ್ಟಿಂಗ್ ರಾಡ್‌ಗಳನ್ನು ಕಳಚಿ ಫ್ಲೈವೀಲನ್ನು ಮಾತ್ರ ತಿರುಗಿಸಿ ನೋಡಿ. ಅದು ನಿಲ್ಲುವ ಮುನ್ನ ನೀವು ಕಾದು ಬೇಸರಪಡಬೇಕು. ಆಮೇಲೆ ಡಿಸ್‌ಪ್ಲೇಸರನ್ನು ಜೋಡಿಸಿ, ಮತ್ತೆ ತಿರುಗಿಸಿ. ಆಮೇಲೆ ಪಿಸ್ಟನ್ ಮಾತ್ರ. ಯಾವ ಹಂತದಲ್ಲಿ ಫ್ಲೈವೀಲ್ ಬೇಗ ನಿಂತಿತೋ ದೋಷ ಅಲ್ಲಿದೆ. ಡಿಸ್‌ಪ್ಲೇಸರಿನ ಸಲಾಕೆ ಒಂದಿಷ್ಟು ಬಾಗಿದ್ದರೂ, ಬುಷ್ ಓರೆಯಾಗಿದ್ದರೂ ಡಿಸ್‌ಪ್ಲೇಸರ್ ಗೋಡೆಗೆ ತಾಗುತ್ತದೆ. ಕಿವಿಗೊಟ್ಟು ಕೇಳಿದರೆ ಉಜ್ಜುವ ಸದ್ದು ಗೊತ್ತಾಗುತ್ತದೆ. ಸುತ್ತಲೂ ಅರ್ಧದಿಂದ ಒಂದು ಮಿಲಿಮೀಟರ್ ಸಂದು ಇರಲಿ.

ಮೂರನೆಯ ಖರ್ಚು ಬೆಂಕಿಯ ಜೊತೆ ನೇರ ಸಂಬಂಧವುಳ್ಳದ್ದು. ಡಿಸ್‌ಪ್ಲೇಸರ್ ಕೊಳವೆಯನ್ನು ಹಿತ್ತಾಳೆಯಲ್ಲಿ ಮಾಡಿದರೆ ನೋಡಲು ಚೆಂದ. ಆದರೆ ಹಿತ್ತಾಳೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಏಳೆಂಟು ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ನೀವು ಬಿಸಿ ತುದಿಗೆ ಕೊಟ್ಟ ಶಾಖ ಗಾಳಿಗೆ ಸೇರದೆ ಗೋಡೆಯಲ್ಲೇ ನಡೆದು ತಂಪು ತುದಿಗೆ ತಲಪುತ್ತದೆ. ಬೆಂಕಿ ಹೆಚ್ಚಿಸಿದಷ್ಟೂ ತಂಪು ತುದಿಯೂ ಕಾಯುತ್ತದೆ. ಎಂಜಿನ್ ಓಡುವುದು ಬಿಸಿಯಿಂದಲ್ಲ, ಎರಡು ತುದಿಗಳ ನಡುವಿನ ತಾಪಮಾನದ ಅಂತರದಿಂದ. ಮೊದಲು ಜೋರಾಗಿ ಓಡಿ ಹತ್ತು ನಿಮಿಷದಲ್ಲಿ ಸುಸ್ತಾಗುವ ಎಂಜಿನ್ನಿನ ಕಾಯಿಲೆ ಇದೇ. ಬಿಸಿ ಕಡೆಗೆ ತೆಳು ಗೋಡೆಯ ಸ್ಟೇನ್‌ಲೆಸ್ ಕೊಳವೆ, ತಂಪು ಕಡೆಗೆ ರೆಕ್ಕೆಗಳಿರುವ ಅಲ್ಯೂಮಿನಿಯಂ ತುಂಡು ಅಥವಾ ಸುತ್ತ ನೀರು ನಿಲ್ಲುವ ತೊಟ್ಟಿ ಮಾಡಿಕೊಳ್ಳಿ. ಬಿಸಿ ಕಡೆಯ ಬೆಸುಗೆಗೆ ಸಾಮಾನ್ಯ ಸೀಸ-ತವರದ ಸೋಲ್ಡರ್ ನಡೆಯದು, ಅದು 190 ಡಿಗ್ರಿಯೊಳಗೇ ಕರಗುತ್ತದೆ. ಹೆಚ್ಚು ಬಿಸಿಗೆ ಕರಗುವ ಬೆಳ್ಳಿ ಮಿಶ್ರಲೋಹದ ಬೆಸುಗೆ, ಅಂದರೆ ಸಿಲ್ವರ್ ಬ್ರೇಜಿಂಗ್ ಬೇಕು.

ಬೆಂಕಿಯ ಭರವಸೆಯ ಮೇಲೆ ನಿಂತು ಸೋತ ಕಥೆ ಈ ಎಂಜಿನ್ನಿನ ಇತಿಹಾಸದಲ್ಲೇ ಇದೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದರು. ಅವರ ತಮ್ಮ ಜೇಮ್ಸ್ ಎಂಜಿನಿಯರ್. 1843ರಲ್ಲಿ ಸ್ಕಾಟ್ಲೆಂಡಿನದೇ ಊರಾದ ಡಂಡಿಯ ಎರಕದ ಕಾರ್ಖಾನೆಯ ಯಂತ್ರಗಳನ್ನು ನಡೆಸಲು ಅವರ ಎಂಜಿನ್ನನ್ನು ಕೂರಿಸಲಾಯಿತು. ಕೆಲವು ವರ್ಷ ದುಡಿದೂ ದುಡಿಯಿತು. ಆದರೆ ಬೆಂಕಿಗೆ ಒಡ್ಡಿದ ಬೀಡುಕಬ್ಬಿಣದ ಪಾತ್ರೆಗಳು ಮತ್ತೆ ಮತ್ತೆ ಸುಟ್ಟು ಸೀಳಿದವು, ಕೊನೆಗೆ ಕಾರ್ಖಾನೆ ಉಗಿಗೆ ಮರಳಿತು. ಒಳ್ಳೆಯ ಉಕ್ಕು ಅಗ್ಗವಾಗಿ ಸಿಗುವ ಕಾಲ ಇನ್ನೂ ಬಂದಿರಲಿಲ್ಲ. ಸಣ್ಣ ಎಂಜಿನ್ನುಗಳ ಬದುಕು ಹೆಚ್ಚು ನೆಮ್ಮದಿಯದಾಗಿತ್ತು. ವಿದ್ಯುತ್ ಇಲ್ಲದ ಕಾಲದಲ್ಲಿ ಭಾರತದ ಬಂಗಲೆಗಳಲ್ಲಿ ಸೀಮೆಎಣ್ಣೆ ದೀಪದಿಂದ ತಿರುಗುವ ಬಿಸಿಗಾಳಿ ಫ್ಯಾನುಗಳು ಬಳಕೆಯಲ್ಲಿದ್ದವು. ಅವು ಸ್ಟರ್ಲಿಂಗ್ ಎಂಜಿನ್ನುಗಳೇ.

ಬೆಂಕಿಯೇ ಬೇಡ ಎನ್ನುವವರಿಗೆ ಲೋಟದ ಮೇಲೆ ಓಡುವ ಚಪ್ಪಟೆ ಎಂಜಿನ್ ಇದೆ. 1983ರಲ್ಲಿ ಕ್ರೊಯೇಷಿಯಾದ ಪ್ರಾಧ್ಯಾಪಕ ಇವೋ ಕೋಲಿನ್ ಅಲ್ಲಿನ ದುಬ್ರೊವ್ನಿಕ್ ನಗರದಲ್ಲಿ ಬಿಸಿನೀರಿನಿಂದ ಓಡುವ ಇಂಥದ್ದನ್ನು ತೋರಿಸಿದರು. ಅಮೆರಿಕದ ಜೇಮ್ಸ್ ಸೆಂಫ್ಟ್ ಅದನ್ನು ಅಂಗೈಯ ಬಿಸಿಗೇ ಓಡುವಷ್ಟು ಸೂಕ್ಷ್ಮಗೊಳಿಸಿದರು. ಇದರಲ್ಲಿ ಡಿಸ್‌ಪ್ಲೇಸರ್ ಒಂದು ಥರ್ಮೋಕೋಲ್ ಬಿಲ್ಲೆ. ಪಿಸ್ಟನ್ ಎಷ್ಟು ಚಿಕ್ಕದಿರಬೇಕು ಎಂಬುದಕ್ಕೆ ಕೋಲಿನ್ ಅವರ ನಿಯಮ ಕೆಲಸಕ್ಕೆ ಬರುತ್ತದೆ: ತಾಪಮಾನದ ಅಂತರವನ್ನು 1100ರಿಂದ ಭಾಗಿಸಿದರೆ, ಡಿಸ್‌ಪ್ಲೇಸರ್ ಸರಿಸುವ ಗಾಳಿಯ ಗಾತ್ರದಲ್ಲಿ ಪಿಸ್ಟನ್ನಿನ ಪಾಲು ಸುಮಾರಾಗಿ ತಿಳಿಯುತ್ತದೆ. 50 ಡಿಗ್ರಿ ಅಂತರಕ್ಕೆ ಶೇಕಡ 4.5. ದೊಡ್ಡ ಪಿಸ್ಟನ್ ಹಾಕಿದರೆ ಹೆಚ್ಚು ಶಕ್ತಿ ಬರುತ್ತದೆಂದು ನಂಬಿದವರ ಎಂಜಿನ್ ಅಲುಗಾಡುವುದೇ ಇಲ್ಲ.

ಈ ಎಂಜಿನ್ನುಗಳ ನಕ್ಷೆಗಳು ಬಹುಪಾಲು ಚಳಿದೇಶಗಳ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದವು. 80 ಡಿಗ್ರಿಯ ಚಹಾದ ಮೇಲೆ ಡಿಸೆಂಬರಿನ ಬೆಂಗಳೂರಿನಲ್ಲಿ ಚೆನ್ನಾಗಿ ಓಡಿದ್ದು ಮೇ ತಿಂಗಳ ಕಲಬುರಗಿಯಲ್ಲಿ ತೆವಳುತ್ತದೆ, ಕೋಣೆಯೇ 40ರ ಹತ್ತಿರ ಇರುತ್ತದೆ. ಮೇಲಿನ ತಟ್ಟೆಯ ಮೇಲೆ ಮಂಜುಗಡ್ಡೆಯ ತುಂಡು ಇಟ್ಟರೆ ಸರಿಹೋಗುತ್ತದೆ. ಚಹಾ ಬಿಟ್ಟು ಇಡೀ ಎಂಜಿನ್ನನ್ನೇ ಮಂಜುಗಡ್ಡೆಯ ಬಟ್ಟಲಿನ ಮೇಲೆ ಕೂರಿಸಿದರೆ ಅದು ಹಿಮ್ಮುಖವಾಗಿ ಓಡುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ, ಕಾರಣ ಅವರೇ ಹೇಳಲಿ.

ಲೇತ್ ಇಲ್ಲದ ಶಾಲೆಗಳಿಗೆ ನಾನು ಹೇಳುವುದು ಗೋಲಿ ಎಂಜಿನ್. ಬೋರೋಸಿಲಿಕೇಟ್ ಪ್ರನಾಳದೊಳಗೆ ನಾಲ್ಕೈದು ಗಾಜಿನ ಗೋಲಿ, ಬಾಯಿಗೆ ರಬ್ಬರ್ ಬಿರಡೆ, ಬಿರಡೆಯಿಂದ ಕೆಳಗಿರುವ ಗಾಜಿನ ಸಿರಿಂಜಿಗೆ ಒಂದು ನಳಿಕೆ. ಪ್ರನಾಳ ನಡುವಿನಲ್ಲಿ ತಕ್ಕಡಿಯಂತೆ ತೂಗಬೇಕು, ಮುಚ್ಚಿದ ತುದಿಯ ಕೆಳಗೆ ದೀಪ. ಗೋಲಿಗಳು ಬಾಯಿಯ ಕಡೆ ಉರುಳಿದಾಗ ಗಾಳಿ ಬಿಸಿ ಕಡೆ ಸರಿದು ಹಿಗ್ಗಿ ಸಿರಿಂಜ್ ಬಾಯಿಯನ್ನು ಮೇಲೆತ್ತುತ್ತದೆ. ಗೋಲಿಗಳು ಹಿಂದಕ್ಕೆ ಉರುಳುತ್ತವೆ, ಗಾಳಿ ತಂಪು ಕಡೆಗೆ ಬಂದು ಕುಗ್ಗುತ್ತದೆ, ಬಾಯಿ ಇಳಿಯುತ್ತದೆ. ಸಿರಿಂಜ್ ಗಾಜಿನದೇ ಇರಬೇಕು. ಪ್ಲಾಸ್ಟಿಕ್ ಸಿರಿಂಜಿನ ರಬ್ಬರ್ ತುದಿಯ ಘರ್ಷಣೆಯೇ ಎಲ್ಲವನ್ನೂ ನುಂಗುತ್ತದೆ. ಸ್ಪಿರಿಟ್ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಆರಿದೆ ಎಂದು ತಿಳಿದು ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿದರೆ ಅನಾಹುತ. ದೀಪ ತುಂಬಿಸುವುದು ಶಿಕ್ಷಕರ ಕೆಲಸವಾಗಿರಲಿ, ಮಕ್ಕಳ ಕಣ್ಣಿಗೆ ಕನ್ನಡಕ ಇರಲಿ.

ಎಂಜಿನ್ ಓಡತೊಡಗಿದ ಮೇಲೆ ಕೈಹಾಕಬೇಕಾದದ್ದು ರೀಜನರೇಟರ್. ಸ್ಟರ್ಲಿಂಗ್ ಅವರ ಪೇಟೆಂಟಿನ ಜೀವಾಳ ಅದೇ ಆಗಿತ್ತು, ಗಾಳಿ ತಂಪು ಕಡೆಗೆ ಹೋಗುವಾಗ ಬಿಟ್ಟ ಶಾಖವನ್ನು ಹಿಡಿದಿಟ್ಟು, ಮರಳುವಾಗ ಹಿಂತಿರುಗಿಸುವ ಭಾಗ. ಡಿಸ್‌ಪ್ಲೇಸರಿನ ಸುತ್ತ ತೆಳುವಾದ ಸ್ಟೀಲ್ ಜಾಲರಿ ಸುತ್ತಿ ನೋಡಿ. ದಟ್ಟವಾಗಿ ಸುತ್ತಿದರೆ ಗಾಳಿಗೆ ದಾರಿ ಸಿಗದೆ ವೇಗ ಇಳಿಯುತ್ತದೆ, ತೀರಾ ವಿರಳವಾದರೆ ಪ್ರಯೋಜನ ಕಾಣುವುದಿಲ್ಲ. ಆಗ ಬೆಂಕಿಯನ್ನು ಮುಟ್ಟದೆ, ಬತ್ತಿಯನ್ನು ಅಷ್ಟೇ ಎತ್ತರಕ್ಕೆ ಇಟ್ಟು, ಪ್ರತಿ ಪದರಕ್ಕೂ ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ.