ಚೆನ್ನಾಗಿ ಆಳಿದರೆ ಸಾಲದೇ, ಚುನಾವಣೆಯ ಗೊಡವೆ ಯಾಕೆ?

ಓದುಗರ ಪ್ರಶ್ನೆ: ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾಲಯ, ಮೈಸೂರು ಬ್ಯಾಂಕು, ಭದ್ರಾವತಿ ಕಾರ್ಖಾನೆ ಎಲ್ಲ ಆಗಿದ್ದು ಅರಸರ ಕಾಲದಲ್ಲಿ. ಹಾಗಿದ್ದೂ 1947ರಲ್ಲಿ ಜನ ‘ಮೈಸೂರು ಚಲೋ’ ಎಂದು ಬೀದಿಗೆ ಇಳಿದದ್ದು ಯಾಕೆ? ಚೆನ್ನಾಗಿ ಆಳುವವರಿದ್ದರೆ ಸಾಲದೇ?

ಉತ್ತರ: ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೇಳುವವರ ದನಿಯಲ್ಲಿ ಈಗಿನ ರಾಜಕಾರಣಿಗಳ ಮೇಲಿನ ಬೇಸರವೇ ಹೆಚ್ಚಿರುತ್ತದೆ. ಇರಲಿ, ಪ್ರಶ್ನೆ ಹುರುಳಿನದೇ. ಉತ್ತರಕ್ಕೆ ಗ್ರೀಸಿನವರೆಗೆ ಹೋಗಬೇಕಿಲ್ಲ, ಶಿವಮೊಗ್ಗ ಸೀಮೆಗೆ ಹೋದರೆ ಸಾಕು. ಅಲ್ಲಿ ನೂರ ಚಿಲ್ಲರೆ ವರ್ಷಗಳ ಅಂತರದಲ್ಲಿ ಎರಡು ದಂಗೆಗಳಾದವು.

ಮೊದಲನೆಯದು 1830ರ ನಗರ ದಂಗೆ. ನಗರ ಎಂದರೆ ಇಲ್ಲಿ ಪಟ್ಟಣವಲ್ಲ, ಹಿಂದೆ ಬಿದನೂರು ಎನಿಸಿಕೊಂಡಿದ್ದ ಊರು. ಆಗ ಕಂದಾಯಕ್ಕೆ ‘ಶರ್ತು’ ಎಂಬ ಪದ್ಧತಿ ಇತ್ತು. ತಾಲೂಕಿನಿಂದ ಇಷ್ಟು ಹಣ ತಂದೇ ತರುತ್ತೇನೆ ಎಂದು ತಾಲೂಕಿನ ಅಧಿಕಾರಿಯಾದ ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ತಲೆಯ ಮೇಲೆ. ಅವನು ರೈತನನ್ನು ಹಿಂಡದೆ ಇನ್ನೇನು ಮಾಡಿಯಾನು? ರೈತರು ಊರೂರಲ್ಲಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲ ಎಂದರು. ಇಲ್ಲಿಯವರೆಗೆ ನಮಗೆ ಚೆನ್ನಾಗಿ ಅರ್ಥವಾಗುವ ಸಿಟ್ಟು. ಆದರೆ ಆ ದಂಗೆಯ ತಲೆಯಲ್ಲಿ ಬಂದು ಕೂತವನು ಬೂದಿ ಬಸವಪ್ಪ, ನಾನು ಕೆಳದಿ ಅರಸರ ವಂಶದವನು ಎಂದು ಹೇಳಿಕೊಂಡವನು. ಅರಸನ ವಿರುದ್ಧ ಎದ್ದವರಿಗೂ ಇನ್ನೊಬ್ಬ ಅರಸನೇ ಬೇಕಾಗಿದ್ದ. ಆಳುವ ಹಕ್ಕು ರಕ್ತದಲ್ಲಿ ಇಳಿದು ಬರುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಎರಡನೆಯದು 1942ರ ಈಸೂರು, ಅದೇ ಸೀಮೆಯ ಶಿಕಾರಿಪುರ ತಾಲೂಕು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದ ಊರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ನಾವು ಸ್ವತಂತ್ರರು ಎಂದು ಸಾರಿದರು. ಆಮೇಲೆ ಮಾಡಿದ್ದನ್ನು ಗಮನಿಸಿ: ಊರಿನ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಅಮಲ್ದಾರ ಮಾಡಿದರು, ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿದರು. ಯಾವ ವಂಶದ ಯಾವ ಕುಡಿಯನ್ನೂ ಅವರು ಹುಡುಕಲಿಲ್ಲ. ಕಚೇರಿ ಬೇಕು, ಠಾಣೆ ಬೇಕು, ಆದರೆ ಅವು ನಮ್ಮವಾಗಿರಬೇಕು ಎಂಬುದಷ್ಟೇ ಅವರ ಲೆಕ್ಕ. ಊರಿಗೆ ಬಂದ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಗಲಭೆಯಲ್ಲಿ ಸತ್ತರು. 1943ರ ಮಾರ್ಚಿನಲ್ಲಿ ಮೈಸೂರು ಸರ್ಕಾರ ಐವರನ್ನು ಗಲ್ಲಿಗೇರಿಸಿತು.

ನಡುವಿನ ನೂರ ಹನ್ನೆರಡು ವರ್ಷಗಳಲ್ಲಿ ಏನಾಯಿತು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ನಗರ ದಂಗೆಯನ್ನೇ ನೆಪ ಮಾಡಿಕೊಂಡು ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡ. ಐವತ್ತು ವರ್ಷ ಕಮಿಷನರುಗಳ ಕಾರುಬಾರು. ಅವರಲ್ಲಿ ಮಾರ್ಕ್ ಕಬ್ಬನ್ ದಕ್ಷನೇ. ರಸ್ತೆ ಮಾಡಿಸಿದ, ಹಳೆಯ ಸಾಲ ತೀರಿಸಿದ. ಆದರೂ ಅದು ಪರರ ಆಡಳಿತವಾಗಿಯೇ ಉಳಿಯಿತು, ಅರಸರಿಗೆ ರಾಜ್ಯ ಮರಳಿಸಿ ಎಂಬ ಮಾತು ನಿಲ್ಲಲೇ ಇಲ್ಲ. ಜೊತೆಗೆ 1876–78ರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

1881ರ ಮಾರ್ಚಿನಲ್ಲಿ ರಾಜ್ಯ ಚಾಮರಾಜ ಒಡೆಯರ ಕೈಗೆ ಬಂತು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದರು. ನನ್ನ ಕಣ್ಣಿಗೆ ಇದು ಕನ್ನಂಬಾಡಿಗಿಂತ ದೊಡ್ಡ ಕಟ್ಟೆ. ಆ ಸಭೆಗೆ ಅಧಿಕಾರ ಏನೂ ಇರಲಿಲ್ಲ. ಸದಸ್ಯರು ಜಮೀನುದಾರರು, ವ್ಯಾಪಾರಿಗಳು. ಮೊದಮೊದಲು ಅವರನ್ನು ಜನ ಆರಿಸಿದ್ದೂ ಅಲ್ಲ. ದಸರಾ ಹೊತ್ತಿಗೆ ಮೈಸೂರಿಗೆ ಬಂದು ದಿವಾನರ ವರದಿ ಕೇಳಬೇಕು, ತಮ್ಮ ಕಡೆಯ ಅಹವಾಲು ಹೇಳಬೇಕು, ಊರಿಗೆ ಮರಳಬೇಕು. ಅಷ್ಟೇ. ಆದರೆ ವರ್ಷ ವರ್ಷವೂ ಲೆಕ್ಕ ಒಪ್ಪಿಸುವ ದಿವಾನ, ವರ್ಷ ವರ್ಷವೂ ಎದ್ದು ನಿಂತು ಕೇಳುವ ರೈತ! ಒಮ್ಮೆ ಲೆಕ್ಕ ಕೇಳಿ ರೂಢಿಯಾದವನು ‘ನೀವು ಹೇಳಿದ್ದು ಸರಿ, ಆದರೆ ತೀರ್ಮಾನ ಮಾಡುವವರು ನೀವೇ ಯಾಕೆ?’ ಎಂದು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾನೆ. ಅರಮನೆಯೇ ಆ ರೂಢಿ ಹಾಕಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಸಾಧನೆಯನ್ನು ಸಣ್ಣದು ಮಾಡುವ ಇರಾದೆ ನನಗಿಲ್ಲ. ಮಂಡ್ಯ ಕಡೆ ಇವತ್ತಿಗೂ ಅವರ ಪಟ ದೇವರ ಪಟಗಳ ಸಾಲಿನಲ್ಲಿ ಇರುತ್ತದೆ, ಇರಬೇಕಾದದ್ದೇ. ಆದರೆ 1938ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ನಿಷೇಧ ಮುರಿದು ಧ್ವಜ ಸತ್ಯಾಗ್ರಹ ನಡೆದ ಶಿವಪುರ ಎಲ್ಲಿದೆ? ಅದೇ ಮಂಡ್ಯ ಸೀಮೆಯ ಮದ್ದೂರಿನಲ್ಲಿ. ಹದಿನೈದು ದಿನ ಕಳೆಯುವಷ್ಟರಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಅರಸರ ಮೇಲೆ ಜನರಿಗಿದ್ದದ್ದು ಋಣಭಾವ. ಋಣಕ್ಕೆ ಕೃತಜ್ಞರಾಗಿರುತ್ತಾರೆ, ಮುಂದಿನ ದಿವಾನನೂ ಅವನ ಮುಂದಿನವನೂ ನಮ್ಮನ್ನು ಕೇಳದೆ ಆಳಲಿ ಎಂದು ಅದಕ್ಕಾಗಿ ಬರೆದುಕೊಡುವುದಿಲ್ಲ. ದಕ್ಷ ದಿವಾನನ ಜಾಗಕ್ಕೆ ನಾಳೆ ದಡ್ಡನೊಬ್ಬ ಬಂದರೆ ಅವನನ್ನು ಇಳಿಸುವ ದಾರಿ ಪ್ರಜೆಯ ಕೈಯಲ್ಲಿ ಇರಲಿಲ್ಲವಲ್ಲ.

1947ರ ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿ ಕೇಳಿದ್ದು ಇದನ್ನೇ, ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ. ಮಹಾರಾಜರು ಆಗಸ್ಟಿನಲ್ಲೇ ಭಾರತದ ಜೊತೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರೂ ಒಳಗಿನ ಅಧಿಕಾರ ದಿವಾನ್ ರಾಮಸ್ವಾಮಿ ಮುದಲಿಯಾರರ ಬಳಿಯೇ ಇತ್ತು. ಅಕ್ಟೋಬರಿನಲ್ಲಿ ಜಯಚಾಮರಾಜ ಒಡೆಯರು ಒಪ್ಪಿದರು, ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಬಿಟ್ಟುಕೊಟ್ಟದ್ದರಿಂದ ಒಡೆಯರ ಮಾನ ಉಳಿಯಿತು ಎನ್ನುವುದು ನನ್ನ ಎಣಿಕೆ. ಮೊದಲು ರಾಜಪ್ರಮುಖರಾದರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು; 1956ರಿಂದ ರಾಜ್ಯಪಾಲರು. ಯಾರೂ ಮುಖ ಸಿಂಡರಿಸಲಿಲ್ಲ.

ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರಿನಿಂದ ಲೋಕಸಭೆಗೆ ನಿಂತಾಗ ಜನ ನಾಲ್ಕು ಸಲ ಗೆಲ್ಲಿಸಿದರು. 1991ರಲ್ಲಿ ಸೋಲಿಸಿದರು, 2004ರಲ್ಲಿ ಮತ್ತೆ ಸೋಲಿಸಿದರು. ದಸರಾದಲ್ಲಿ ಅವರು ಖಾಸಗಿ ದರ್ಬಾರಿಗೆ ಕೂರುವುದೂ ಅದನ್ನು ನೋಡಲು ಜನ ಹಾತೊರೆಯುವುದೂ ಮಾತ್ರ ಸೋತ ವರ್ಷವೂ ತಪ್ಪಲಿಲ್ಲ.