ಪ್ಯಾರಿಸ್‌ನಿಂದ ರೋಮ್‌ವರೆಗೆ ರೈಲು: ಪಾಸ್ ಬೇಕೆ, ಬಿಡಿ ಟಿಕೆಟ್ ಸಾಕೆ?

ಪ್ರಶ್ನೆ: ಮೇ ತಿಂಗಳಲ್ಲಿ ನಾವಿಬ್ಬರು ಮತ್ತು 9 ವರ್ಷದ ಮಗಳು ಹನ್ನೆರಡು ದಿನ ಪ್ಯಾರಿಸ್, ಇಂಟರ್‌ಲಾಕನ್, ವೆನಿಸ್, ರೋಮ್ ನೋಡಿ ಬರಬೇಕೆಂದಿದ್ದೇವೆ. ಯೂರೇಲ್ ಪಾಸ್ ಒಂದಿದ್ದರೆ ಯಾವ ರೈಲಾದರೂ ಹತ್ತಬಹುದು ಎನ್ನುತ್ತಾರೆ. ಅದನ್ನೇ ಕೊಳ್ಳಬೇಕೆ, ಬಿಡಿ ಟಿಕೆಟ್ ತೆಗೆಸಬೇಕೆ? ಯಾವುದನ್ನು ಮೊದಲು ಬುಕ್ ಮಾಡಬೇಕು?

ಉತ್ತರ: ಬಿಡಿ ಟಿಕೆಟ್ ತೆಗೆಸಿ. ನಿಮ್ಮ ಪ್ರವಾಸದಲ್ಲಿ ಊರಿಂದೂರಿಗೆ ಹೋಗುವ ದಿನಗಳು ಮೂರೇ: ಪ್ಯಾರಿಸ್‌ನಿಂದ ಇಂಟರ್‌ಲಾಕನ್, ಅಲ್ಲಿಂದ ವೆನಿಸ್, ವೆನಿಸ್‌ನಿಂದ ರೋಮ್. ಎಲ್ಲ ದೇಶಗಳಿಗೂ ಆಗುವ ಯೂರೇಲ್ ಗ್ಲೋಬಲ್ ಪಾಸ್ ಶುರುವಾಗುವುದೇ ತಿಂಗಳಲ್ಲಿ ನಾಲ್ಕು ದಿನದ ಪ್ರಯಾಣದಿಂದ. ಅಲ್ಲಿಗೆ ಒಂದು ದಿನದ ದುಡ್ಡು ದಂಡ. ಇನ್ನೊಂದು ಮಾತು ಪಾಸ್ ಕೊಂಡ ಮೇಲೆ ಗೊತ್ತಾಗುತ್ತದೆ: ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾದಂಥ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಬೇಕು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಟಿಜಿವಿ ಲಿರಿಯಾದಲ್ಲಿ ಪಾಸ್‌ನವರಿಗೆ ಇಡುವ ಸೀಟುಗಳು ಮಿತ. ಅವು ಮುಗಿದರೆ ರೈಲು ಖಾಲಿಯಿದ್ದರೂ ಪಾಸ್ ಉಪಯೋಗಕ್ಕೆ ಬಾರದು. ಇಟಲಿಯ ಇತಾಲೊ ರೈಲುಗಳಲ್ಲಂತೂ ಪಾಸ್ ನಡೆಯುವುದೇ ಇಲ್ಲ. ಹನ್ನೊಂದು ವರ್ಷದವರೆಗಿನ ಮಕ್ಕಳಿಗೆ ಪಾಸ್ ಉಚಿತ, ನಿಜ. ಆದರೆ ಅವರ ಸೀಟಿನ ಶುಲ್ಕ ತಪ್ಪುವುದಿಲ್ಲ.

ಎಂಟು ಹತ್ತು ಊರು ಸುತ್ತುವವರಿಗೆ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ತೀರ್ಮಾನಿಸುವವರಿಗೆ ಪಾಸ್ ಒಳ್ಳೆಯದು. ನಿಮ್ಮದು ದಿನಾಂಕ ಗೊತ್ತಿರುವ ಪ್ರವಾಸ.

ಐಆರ್‌ಸಿಟಿಸಿಯ ಅಭ್ಯಾಸವನ್ನು ಇಲ್ಲಿ ಸ್ವಲ್ಪ ಮರೆಯಬೇಕು. ಯೂರೋಪಿನ ರೈಲುಗಳಿಗೆ ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ತತ್ಕಾಲ್ ಇಲ್ಲ. ವಿಮಾನದ ಟಿಕೆಟ್ಟಿನಂತೆ ಅಗ್ಗದ ಸೀಟುಗಳು ಮೊದಲು ಖಾಲಿಯಾಗಿ ದರ ಮೇಲೇರುತ್ತದೆ. ವೇಗದ ರೈಲುಗಳ ಮಾರಾಟ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಮೊದಲೇ ತೆರೆಯುತ್ತದೆ. ಫ್ರಾನ್ಸಿನಲ್ಲಿ ಮೇ 1 ಮತ್ತು ಮೇ 8 ಎರಡೂ ರಜೆ. ಆ ವಾರಗಳಲ್ಲಿ ಅಗ್ಗದ ಸೀಟು ಬೇಗ ಹೋಗುತ್ತವೆ.

ಆದರೆ ಅಗ್ಗದ ಟಿಕೆಟ್ಟಿಗೆ ದುಡ್ಡು ವಾಪಸ್ ಬರುವುದಿಲ್ಲ, ವೀಸಾ ಸಿಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಈ ಮೂರೂ ದೇಶಗಳಿಗೆ ಆಗುವ ಒಂದೇ ವೀಸಾ ಷೆಂಗೆನ್. ಅದಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಡಿಸೆಂಬರ್ ಜನವರಿಯಲ್ಲಿ ಅರ್ಜಿ ಹಾಕಿದರೆ ಅಗ್ಗದ ಸೀಟು ಮುಗಿಯುವ ಮುಂಚೆ ಪಾಸ್‌ಪೋರ್ಟ್ ಕೈಗೆ ಬರುವ ಸಾಧ್ಯತೆ ಹೆಚ್ಚು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ; ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ವೀಸಾ ಬಂದೊಡನೆ ಮೊದಲು ಪ್ಯಾರಿಸ್–ಬಾಸೆಲ್ ಟಿಜಿವಿ ಲಿರಿಯಾ ತೆಗೆಸಿ. ಅದು ಗಾರ್ ದ ಲಿಯೋನ್ ನಿಲ್ದಾಣದಿಂದ ಹೊರಡುತ್ತದೆ, ಸುಮಾರು ಮೂರು ಗಂಟೆಯ ಹಾದಿ. ಪ್ಯಾರಿಸ್‌ನಲ್ಲಿ ದೊಡ್ಡ ನಿಲ್ದಾಣಗಳು ಹಲವು, ಹೆಸರು ಓದಿಕೊಂಡೇ ಹೊರಡಿ. ಬಾಸೆಲ್‌ನಿಂದ ಇಂಟರ್‌ಲಾಕನ್ ಓಸ್ಟ್‌ಗೆ ಸುಮಾರು ಎರಡು ಗಂಟೆ. ಈ ಒಳನಾಡಿನ ರೈಲಿಗೆ ಸೀಟು ಕಾಯ್ದಿರಿಸುವ ಅಗತ್ಯವಿಲ್ಲ, ಯಾವ ರೈಲು ಬಂದರೂ ಹತ್ತಬಹುದು.

ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಕಾರ್ಡಿನ ಲೆಕ್ಕ ಹಾಕಲೇಬೇಕು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಬಸ್ಸು, ದೋಣಿ ಉಚಿತ. ಆದರೆ ಇಂಟರ್‌ಲಾಕನ್ ಕಡೆಯ ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾಉಯೋಕ್‌ಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ನಿಂದ ಮೇಲಕ್ಕೆ ಅದರಲ್ಲಿ ಶೇ. 25 ರಿಯಾಯಿತಿ ಮಾತ್ರ. ಪ್ರವಾಸಿಗರ ಹಾಫ್ ಫೇರ್ ಕಾರ್ಡ್ ಒಂದು ತಿಂಗಳು ನಡೆಯುತ್ತದೆ, ಅದೇ ಬೆಟ್ಟಕ್ಕೆ ಅರ್ಧ ದರ. ಕಾರ್ಡಿನ ಬೆಲೆಯ ಎರಡರಷ್ಟು ಪೂರ್ತಿ ದರದ ಪ್ರಯಾಣ ಮಾಡಿದರೆ ಕಾರ್ಡಿನ ದುಡ್ಡು ಹುಟ್ಟಿತು. ಅದರ ಮೇಲಿನದೆಲ್ಲ ಉಳಿತಾಯ. ಮೂರು ದಿನವಿದ್ದು ಯುಂಗ್‌ಫ್ರಾಉ ನೋಡುವವರಿಗೆ ಹೆಚ್ಚಿನ ಸಲ ಇದೇ ಲಾಭ. ಜೊತೆಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಅದು ಉಚಿತ. ಅಪ್ಪ ಅಮ್ಮನ ಜೊತೆ ನಿಮ್ಮ ಮಗಳ ರೈಲು ಪ್ರಯಾಣವೂ ಉಚಿತವಾಗುತ್ತದೆ.

ಇಂಟರ್‌ಲಾಕನ್–ವೆನಿಸ್ ದಿನ ಅತಿ ನಾಜೂಕಿನದು. ಸ್ಪೀಟ್ಸ್‌ನಲ್ಲಿ ಇಳಿದು ಮಿಲಾನ್‌ಗೆ ಯೂರೋಸಿಟಿ ರೈಲು, ಮಿಲಾನ್‌ನಿಂದ ವೆನಿಸ್‌ಗೆ ಸುಮಾರು ಎರಡೂವರೆ ಗಂಟೆಯ ವೇಗದ ರೈಲು. ಎರಡನ್ನೂ ಬೇರೆ ಬೇರೆ ಕೊಂಡಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅಗ್ಗದ ಟಿಕೆಟ್ಟಿನ ದುಡ್ಡು ಹೋದ ಹಾಗೇ. ಒಂದೇ ಟಿಕೆಟ್ಟಾಗಿ ಸಿಕ್ಕಿದರೆ ಹಾಗೇ ಕೊಳ್ಳಿ, ಇಲ್ಲವಾದರೆ ಮಿಲಾನ್‌ನಲ್ಲಿ ಒಂದು ಗಂಟೆಗಿಂತ ಹೆಚ್ಚು ಬಿಡುವು ಇಟ್ಟುಕೊಳ್ಳಿ. ಇಳಿಯುವ ನಿಲ್ದಾಣ ವೆನೆಟ್ಸಿಯಾ ಸಾಂತಾ ಲೂಚಿಯಾ. ಮೆಸ್ತ್ರೆ ಎಂದಿದ್ದರೆ ಅದು ನೀರಿನಾಚೆ, ದಡದ ಊರು. ಆದ್ದರಿಂದ ಹೋಟೆಲ್ ಎಲ್ಲಿದೆ ನೋಡಿ ಆರಿಸಿ.

ವೆನಿಸ್–ರೋಮ್ ನಾಲ್ಕು ಗಂಟೆ. ಸರ್ಕಾರಿ ತ್ರೆನಿತಾಲಿಯಾ, ಖಾಸಗಿ ಇತಾಲೊ ಎರಡರ ದರವನ್ನೂ ಹೋಲಿಸಿ. ತ್ರೆನಿತಾಲಿಯಾದ ಸೂಪರ್ ಇಕಾನಮಿ ಅತಿ ಅಗ್ಗ, ಆದರೆ ಬದಲಾವಣೆಯೂ ಇಲ್ಲ, ವಾಪಸಾತಿಯೂ ಇಲ್ಲ. ಬೇಸ್ ದರದಲ್ಲಿ ಎರಡೂ ಉಂಟು. ಬಿಂಬಿ ಗ್ರಾತಿಸ್ ಎಂಬ ಕೊಡುಗೆಯಲ್ಲಿ ಮಗುವಿಗೆ ಉಚಿತ, ಆದರೆ ದೊಡ್ಡವರಿಬ್ಬರೂ ಬೇಸ್ ದರ ಕೊಡಬೇಕು. ಮೂರು ಸೂಪರ್ ಇಕಾನಮಿ ಅದಕ್ಕಿಂತ ಕಡಿಮೆಗೆ ಬರುತ್ತದೆಯೇ ಎಂದು ಕೂಡಿ ನೋಡಿ.

ಹೆಸರಿನದೊಂದು ತೊಡಕು ಕನ್ನಡಿಗರಿಗೆ ಗ್ಯಾರಂಟಿ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಆ ವೆಬ್‌ಸೈಟುಗಳು ಖಾಲಿ ಬಿಡಲು ಒಪ್ಪುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಎರಡು ಪದಗಳಿದ್ದರೆ ಒಂದೊಂದನ್ನು ಒಂದೊಂದು ಜಾಗಕ್ಕೆ ಹಾಕಿ, ಒಂದೇ ಪದವಿದ್ದರೆ ಎರಡೂ ಕಡೆ ಅದನ್ನೇ. ಪಾಸ್‌ಪೋರ್ಟಿನಲ್ಲಿಲ್ಲದ ಇನಿಷಿಯಲ್ ಬೇಡ.

ಪಾವತಿ ನಿಂತುಹೋದರೆ ಮೊದಲು ಬ್ಯಾಂಕ್ ಆ್ಯಪ್ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ನಾವೇ ಚಾಲೂ ಮಾಡಬೇಕು. ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಯೂರೋ ಅಥವಾ ಫ್ರಾಂಕನ್ನೇ ಆರಿಸಿ, ಇಲ್ಲದಿದ್ದರೆ ಅವರು ಹೇಳಿದ ವಿನಿಮಯ ದರಕ್ಕೆ ಒಪ್ಪಿದಂತಾಗುತ್ತದೆ. ಅಲ್ಲಿಗೆ ಹೋದ ಮೇಲೂ ಒಟಿಪಿ ಬರುವುದು ಇಲ್ಲಿನ ಸಿಮ್‌ಗೇ, ಹಾಗಾಗಿ ರೋಮಿಂಗ್ ಇಟ್ಟುಕೊಳ್ಳಿ.

ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ, ಮುಂಚಿತವಾಗಿಯೇ ಘೋಷಿಸುತ್ತಾರೆ. ಹೊರಡುವ ವಾರ “ಶೋಪೆರೊ” (sciopero, ಇಟಾಲಿಯನ್‌ನಲ್ಲಿ ಮುಷ್ಕರ) ಎಂಬ ಪದ ಹುಡುಕಿ ನೋಡಿ. ಮುಷ್ಕರ ಕೆಲಸದ ದಿನ ಬಿದ್ದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಪ್ರಾದೇಶಿಕ ರೈಲುಗಳು ಓಡುತ್ತವೆ. ದೂರದ ರೈಲುಗಳಲ್ಲಿ ಓಡುವುದು ಖಚಿತವಿರುವವುಗಳ ಪಟ್ಟಿಯನ್ನು ತ್ರೆನಿತಾಲಿಯಾ ಪ್ರಕಟಿಸುತ್ತದೆ.