ರಕ್ತದೊಳಗೆ ಮಾಡುವ ಪಥ್ಯ

ಚಿಕ್ಕಮಗಳೂರಿನ ಕಡೆ ಯಾವ ಕಾಯಿಲೆಗೇ ಆಗಲಿ, ಔಷಧಿಯ ಹಿಂದೆಯೇ ಪಥ್ಯದ ಮಾತು ಬರುತ್ತದೆ. ಮಗುವಿನ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಕೊಡಿಸಲು ಬೆಂಗಳೂರಿಗೋ ಮಣಿಪಾಲಕ್ಕೋ ಓಡಾಡುವವರು ಮೊಳಕೆಕಾಳು, ಆಲೂಗಡ್ಡೆ ಬಿಡಿಸಬೇಕೇ ಎಂದು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಈ ಎರಡರಲ್ಲೂ ಆಸ್ಪರಜಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೊಟೀನು ಕಟ್ಟಲು ಬೇಕಾದ ಒಂದು ಇಟ್ಟಿಗೆ, ಧಾರಾಳವಾಗಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಆದ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕೋಶಗಳನ್ನು ಕೊಲ್ಲುವ ಒಂದು ಮುಖ್ಯ ಉಪಾಯವೆಂದರೆ ಅವುಗಳಿಗೆ ಆಸ್ಪರಜಿನ್ ಸಿಗದಂತೆ ಮಾಡುವುದೇ ಆಗಿದೆ.

ಆದರೆ ಬಾಯಿ ಕಟ್ಟಿದರೆ ಇದು ಆಗುವ ಕೆಲಸವಲ್ಲ. ನಮ್ಮ ದೇಹದ ಆರೋಗ್ಯವಂತ ಕೋಶಗಳು ಆಸ್ಪರ್ಟಿಕ್ ಆಮ್ಲದಿಂದ ಆಸ್ಪರಜಿನ್ನನ್ನು ತಾವೇ ತಯಾರಿಸಿಕೊಂಡು ರಕ್ತಕ್ಕೂ ಬಿಡುತ್ತವೆ. ಈ ತಯಾರಿಕೆಗೆ ಬೇಕಾದ ಕಿಣ್ವ ಲ್ಯುಕೇಮಿಯಾದ ಕೋಶಗಳಲ್ಲಿ ತೀರ ಕಡಿಮೆ ಇರುವುದರಿಂದ ಅವು ರಕ್ತದಲ್ಲಿ ಹರಿದು ಬಂದದ್ದನ್ನೇ ನೆಚ್ಚಿಕೊಂಡು ಬದುಕುತ್ತವೆ. ಹೀಗಾಗಿ ಪಥ್ಯವನ್ನು ರಕ್ತದಲ್ಲೇ ಮಾಡಿಸಬೇಕು. ಆಸ್ಪರಜಿನೇಸ್ ಎಂಬ ಕಿಣ್ವವನ್ನು ಚುಚ್ಚುಮದ್ದಾಗಿ ಕೊಟ್ಟರೆ ಅದು ಅಲ್ಲಿರುವ ಆಸ್ಪರಜಿನ್ನನ್ನು ಆಸ್ಪರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆಯುತ್ತದೆ. ಪ್ರೊಟೀನು ಕಟ್ಟಲಾಗದೆ ಕ್ಯಾನ್ಸರ್ ಕೋಶ ಸಾಯುತ್ತದೆ.

ಇದನ್ನು ಯಾರೂ ಲೆಕ್ಕ ಹಾಕಿ ಕಂಡುಹಿಡಿದದ್ದಲ್ಲ. 1953ರಲ್ಲಿ ನ್ಯೂಯಾರ್ಕಿನ ಸಂಶೋಧಕ ಜಾನ್ ಕಿಡ್, ಗಿನಿಯಿಲಿಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಚುಚ್ಚಿದ ಇಲಿಗಳಲ್ಲಿ ಕೆಲವು ಲಿಂಫೋಮಾ ಎಂಬ ಕ್ಯಾನ್ಸರ್ ಗೆಡ್ಡೆಗಳು ಕರಗಿದ್ದನ್ನು ವರದಿ ಮಾಡಿದರು. ಗಿನಿಯಿಲಿಯ ಸೀರಮ್ಮಿನಲ್ಲಿ ಆಸ್ಪರಜಿನೇಸ್ ಇದೆಯೆಂಬುದು 1922ರಿಂದಲೂ ತಿಳಿದಿತ್ತು, ಆದರೆ ಎರಡನ್ನೂ ಜೋಡಿಸಿ ನೋಡಿದ್ದು 1961ರಲ್ಲಿ ಜಾನ್ ಬ್ರೂಮ್. ಗಿನಿಯಿಲಿಗಳನ್ನು ನಂಬಿ ಮಕ್ಕಳಿಗೆ ಔಷಧಿ ಒದಗಿಸುವುದಂತೂ ಆಗದ ಮಾತು. ನಮ್ಮ ಕರುಳಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾದ ಕಿಣ್ವಕ್ಕೂ ಅದೇ ಗುಣವಿದೆಯೆಂದು 1964ರಲ್ಲಿ ಗೊತ್ತಾದ ಮೇಲೆಯೇ ದಾರಿ ತೆರೆಯಿತು.

ಈ ಕಿಣ್ವವೊಂದನ್ನೇ ಕೊಟ್ಟಾಗ ಕಾಯಿಲೆ ಹಿಮ್ಮೆಟ್ಟಿ ಮತ್ತೆ ಮರಳುತ್ತಿತ್ತು. ವಿನ್‌ಕ್ರಿಸ್ಟಿನ್, ಸ್ಟಿರಾಯ್ಡ್ ಮೊದಲಾದ ಬೇರೆ ಔಷಧಿಗಳೊಡನೆ ಸೇರಿಸಿ ಎರಡು-ಮೂರು ವರ್ಷ ನಡೆಸುವ ಇಂದಿನ ಚಿಕಿತ್ಸೆಯಲ್ಲಿ, ಸೌಲಭ್ಯವಿರುವ ದೇಶಗಳ ಸುಮಾರು ಶೇ. 90ರಷ್ಟು ಮಕ್ಕಳು ಬದುಕುಳಿಯುತ್ತಾರೆ. ಬ್ಯಾಕ್ಟೀರಿಯಾದ ಪ್ರೊಟೀನಾದ್ದರಿಂದ ಕೆಲವು ಮಕ್ಕಳ ಮೈ ಇದಕ್ಕೆ ಒಗ್ಗುವುದಿಲ್ಲ. ಅಲರ್ಜಿ ಕಣ್ಣಿಗೆ ಕಾಣುತ್ತದೆ, ಆದರೆ ಹೊರಗೆ ಏನೂ ತೋರದೆಯೇ ಪ್ರತಿಕಾಯಗಳು ಕಿಣ್ವವನ್ನು ನಿಷ್ಫಲಗೊಳಿಸುವುದು ನನಗೆ ಹೆಚ್ಚು ಆತಂಕದ ಸಂಗತಿಯೆನಿಸುತ್ತದೆ. ಆಗ ಎರ್ವಿನಿಯಾ ಎಂಬ ಬೇರೆ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಬದಲಾಯಿಸುತ್ತಾರೆ.

ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ಏರುಪೇರು ಈ ಔಷಧಿಯ ಗಂಭೀರ ತೊಂದರೆಗಳು. ಮೂಡಿಗೆರೆಯಂಥ ಊರಿಗೆ ಮರಳಿದ ಮಗು ಬೆನ್ನಿಗೆ ಹಬ್ಬುವ ಹೊಟ್ಟೆನೋವು, ವಾಂತಿ ಎಂದರೆ ಓಮದ ಕಷಾಯ ಕೊಟ್ಟು ಬೆಳಗಾಗಲೆಂದು ಕಾಯದೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಆ ರಾತ್ರಿಯೇ ಫೋನ್ ಮಾಡಬೇಕು.